ಫೋರ್ಟ್ರಾನ್‌ನಂಥ ಹಳೆಯ ಭಾಷೆ ತಾನೇ ಹಲವು ಕೋರ್‌ಗಳಿಗೆ ಬೆಳೆಯಬೇಕಾ, ಹೊರಗಿನ ಲೈಬ್ರರಿ ಸಾಕಾ?

ಪಾಷಾಣ್ ರೋಡ್, ಪುಣೆ

ಪುಣೆ, ಮುಂಬೈ, ಗೋವಾದಲ್ಲಿ ಕೋಡ್ ಬರೆಯುವ ಕನ್ನಡದವರು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮ ಅಭಿಪ್ರಾಯ ಬೇಕು.

ನಾನು ಕೆಲಸ ಮಾಡುವುದು ಹವಾಮಾನದ ಲೆಕ್ಕ ಹಾಕುವ ಒಂದು ಹಳೆಯ ಕೋಡ್ ಮೇಲೆ. ಅದರ ಬುಡ ಫೋರ್ಟ್ರಾನ್ 77. ಆಮೇಲೆ ಸೇರಿದ್ದೆಲ್ಲ ಫೋರ್ಟ್ರಾನ್ 90. ಒಂದು ನೋಡ್‌ನಿಂದ (ಸೂಪರ್‌ಕಂಪ್ಯೂಟರ್ ಒಳಗಿನ ಒಂದೊಂದು ಕಂಪ್ಯೂಟರ್) ಇನ್ನೊಂದಕ್ಕೆ ಡೇಟಾ ಕಳಿಸಲು ಎಂಪಿಐ ಲೈಬ್ರರಿ, ನೋಡ್ ಒಳಗೆ ಕೆಲಸ ಹಂಚಲು ಅಲ್ಲಲ್ಲಿ ಓಪನ್‌ಎಂಪಿ. ಈಗ ಮುಖ್ಯವಾದ ಕೆಲವು ಲೂಪ್‌ಗಳನ್ನು ಬಿಚ್ಚಿ ಮತ್ತೆ ಬರೆಯಬೇಕಾಗಿದೆ. ತಂಡದಲ್ಲಿ ಎರಡು ಪಕ್ಷ ಆಗಿದೆ. ಒಬ್ಬರು, ಭಾಷೆಯಲ್ಲೇ ಇರುವ ಡು ಕನ್ಕರೆಂಟ್ (ಸುತ್ತುಗಳು ಯಾವ ಕ್ರಮದಲ್ಲಾದರೂ ನಡೆಯಬಹುದಾದ ಲೂಪ್) ಮತ್ತು ಕೋಅರೇ (ಪ್ರೋಗ್ರಾಂನ ಒಂದು ಪ್ರತಿ ಇನ್ನೊಂದು ಪ್ರತಿಯ ಡೇಟಾ ಮುಟ್ಟುವ ದಾರಿ) ಬಳಸೋಣ ಅನ್ನುತ್ತಾರೆ. ಇನ್ನೊಬ್ಬರು, ಭಾಷೆಗೆ ಆ ಕೆಲಸ ಬೇಡವೇ ಬೇಡ, ಅದು ಲೈಬ್ರರಿಯ ಕೆಲಸ ಅನ್ನುತ್ತಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಭಾಷೆ ಬೆಳೆಯಲೇಬೇಕು. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಕೊಟ್ಟಾಗ ಯಂತ್ರಕ್ಕೆ ಒಂದೇ ಪ್ರೊಸೆಸರ್. ಆಮೇಲೆ ದಶಕಗಳ ಕಾಲ ಹೊಸ ಚಿಪ್ ಬಂದರೆ ಸಾಕು, ಹಳೆಯ ಕೋಡ್ ತಾನಾಗಿಯೇ ವೇಗವಾಗುತ್ತಿತ್ತು. 2004–05ರ ಹೊತ್ತಿಗೆ ಅದು ನಿಂತಿತು. ವೇಗ ಏರಿಸಿದರೆ ಚಿಪ್ ಬಿಸಿ ತಡೆಯುವುದಿಲ್ಲ. ಹಾಗಾಗಿ ಕಂಪನಿಗಳು ಒಂದೇ ಚಿಪ್‌ನಲ್ಲಿ ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳನ್ನು, ಹೆಚ್ಚಿಸತೊಡಗಿದವು.

ನಮ್ಮ ಊರಿನದೇ ಲೆಕ್ಕ ನೋಡಿ. ಇಲ್ಲಿನ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂಗೆ 2018ರಲ್ಲಿ ಬಂದ ಸೂಪರ್‌ಕಂಪ್ಯೂಟರ್ ಪ್ರತ್ಯೂಷ್ 4 ಪೆಟಾಫ್ಲಾಪ್ (ಲೆಕ್ಕದ ವೇಗದ ಅಳತೆ). 2024ರಲ್ಲಿ ಬಂದ ಅರ್ಕಾ 11.77 ಪೆಟಾಫ್ಲಾಪ್. 2025ರ ಮೇನಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 6 ಕಿ.ಮೀ. ಗ್ರಿಡ್‌ನಲ್ಲಿ ಓಡುತ್ತದೆ, ಅದಕ್ಕೆ ಮುಂಚೆ ಇದ್ದದ್ದು 12 ಕಿ.ಮೀ. ಗ್ರಿಡ್ ಅರ್ಧ ಮಾಡಿದರೆ ಚೌಕಗಳು 4 ಪಟ್ಟು. ಸಾಮಾನ್ಯವಾಗಿ ಸಮಯದ ಹೆಜ್ಜೆಯನ್ನೂ ಚಿಕ್ಕದು ಮಾಡಬೇಕು, ಅಲ್ಲಿಗೆ ಸುಮಾರು 8 ಪಟ್ಟು ಕೆಲಸ. ಇಷ್ಟು ಕೆಲಸವನ್ನು ಸಾವಿರಾರು ಕೋರ್‌ಗಳಿಗೆ ಹಂಚುವ ಕೋಡ್‌ನಲ್ಲಿ, ಹಂಚುವ ಮಾತೇ ಭಾಷೆಗೆ ಗೊತ್ತಿಲ್ಲ ಅಂದರೆ ಹೇಗೆ?

ಗಣೇಶಖಿಂಡ್ ಹಿರಿಯ, ಪುಣೆ

ತಮ್ಮಾ, ಪ್ರಶ್ನೆ ಚೆನ್ನಾಗಿದೆ. ಆದರೆ ಇದು ಹೊಸ ಪ್ರಶ್ನೆ ಅಲ್ಲ. ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಇದೇ ಪುಣೆಯಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಕಟ್ಟಿತು. ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್‌ಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಯಂತ್ರ. ಹಲವು ಪ್ರೊಸೆಸರ್ ಅನ್ನುವುದು ಈ ಊರಿಗೆ ಲ್ಯಾಪ್‌ಟಾಪ್‌ಗಿಂತ ಎಷ್ಟೋ ಮುಂಚೆ ಬಂದಿತ್ತು. ಆ ದಶಕದಲ್ಲಿ ನಾನು ಇಂಥ ಯಂತ್ರಗಳಿಗೆ ಫೋರ್ಟ್ರಾನ್ ಬರೆದವನು. ಭಾಷೆ ತಾನೇ ಎಲ್ಲ ನೋಡಿಕೊಳ್ಳುತ್ತದೆ ಅನ್ನುವ ಆಸೆ ಆಗ ಬಲವಾಗಿತ್ತು.

ಆ ಆಸೆಯ ಹೆಸರು ಹೈ ಪರ್ಫಾರ್ಮೆನ್ಸ್ ಫೋರ್ಟ್ರಾನ್, ಎಚ್‌ಪಿಎಫ್. 1993ರಲ್ಲಿ ಮೊದಲ ಆವೃತ್ತಿ ಬಂತು. ಈ ಅರೇಯನ್ನು (ಸಾಲಾಗಿ ಇಟ್ಟ ಸಂಖ್ಯೆಗಳನ್ನು) ಹೀಗೆ ಹಂಚು ಅಂತ ನೀವು ಒಂದು ಸಾಲು ಬರೆಯುತ್ತೀರಿ. ಯಾವ ಪ್ರೊಸೆಸರ್ ಯಾವುದಕ್ಕೆ ಏನು ಕಳಿಸಬೇಕು ಅನ್ನುವುದನ್ನೆಲ್ಲ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ) ಲೆಕ್ಕ ಹಾಕುತ್ತದೆ. ಓದಲು ಎಷ್ಟು ಚಂದ ಇತ್ತು! ಆದರೆ ಕಂಪೈಲರ್‌ಗಳು ಹಿಂದೆ ಬಿದ್ದವು. ಒಂದು ಕಂಪೈಲರ್‌ನಲ್ಲಿ ಓಡಿದ ಕೋಡ್ ಇನ್ನೊಂದರಲ್ಲಿ ತೆವಳುತ್ತಿತ್ತು. ಯಾಕೆ ನಿಧಾನ ಅಂತ ಪ್ರೋಗ್ರಾಮರ್‌ಗೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಡೇಟಾ ಎಲ್ಲಿ ಓಡಾಡುತ್ತಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಅದರ ಮರುವರ್ಷ, 1994ರಲ್ಲಿ, ಎಂಪಿಐ ಬಂತು. ಬರೆಯಲು ಕಷ್ಟ, ಆದರೆ ಎಲ್ಲವೂ ಕಣ್ಣೆದುರಿಗೆ. ಜನ ಅದನ್ನೇ ಹಿಡಿದರು. ಇವತ್ತಿಗೂ ನಿಮ್ಮ ಕೋಡ್ ಓಡುವುದು ಅದರ ಮೇಲೇ ಅಲ್ವಾ?

ಆ ಕಾಲದ ಒಂದು ತುಂಡು ಫೋರ್ಟ್ರಾನ್‌ನ ಅಧಿಕೃತ ನಿಯಮಪುಸ್ತಕ, ಸ್ಟ್ಯಾಂಡರ್ಡ್ ಒಳಗೂ ಬಂತು. ಫೋರಾಲ್, ಅರೇಗೆ ಬೆಲೆ ತುಂಬುವ ಲೂಪ್ ಥರದ್ದು. ಫೋರ್ಟ್ರಾನ್ 95ರಲ್ಲಿ ಸೇರಿಸಿದರು. ಬಲಗಡೆಯ ಬೆಲೆಗಳನ್ನೆಲ್ಲ ಮೊದಲು ಲೆಕ್ಕ ಹಾಕಿ, ಆಮೇಲೆ ಎಡಗಡೆ ಇಡಬೇಕು ಅನ್ನುವುದು ಅದರ ನಿಯಮ. ಅದಕ್ಕೆ ಕಂಪೈಲರ್ ತಾತ್ಕಾಲಿಕ ಅರೇಗಳನ್ನು ಮಾಡಿಕೊಳ್ಳಬೇಕಾಗುತ್ತಿತ್ತು. ಎಷ್ಟೋ ಸಲ ಸಾದಾ ಡು ಲೂಪ್‌ಗಿಂತ ಅದೇ ನಿಧಾನ. ಫೋರ್ಟ್ರಾನ್ 2018ರಲ್ಲಿ ಅದನ್ನು ಬಳಕೆ ತಪ್ಪಿದ ಪಟ್ಟಿಗೆ ಹಾಕಿದರು. ಆದರೂ ಕಂಪೈಲರ್ ಬರೆಯುವವರು ಅದನ್ನು ಹೊತ್ತುಕೊಂಡೇ ಇರಬೇಕು. ಲೈಬ್ರರಿ ಬೇಡವಾದರೆ ಬಿಟ್ಟುಬಿಡಬಹುದು. ಭಾಷೆಗೆ ಸೇರಿಸಿದ್ದನ್ನು ಕಿತ್ತು ಹಾಕಲು ಆಗುವುದಿಲ್ಲ. ನನ್ನ ವಿರೋಧಕ್ಕೆ ಕಾರಣ ಇಷ್ಟೇ.

ಡೊಂಬಿವಲಿ ಫಾಸ್ಟ್, ಮುಂಬೈ

ಹಿರಿಯರ ಮಾತಿಗೆ ತೂಕ ಇದೆ. ಆದರೆ ನಾನು ಸಿ ಮತ್ತು ಸಿ++ ಕಡೆಯಿಂದ ಬಂದವನು. ಅಲ್ಲಿ ‘ಲೈಬ್ರರಿ ಸಾಕು’ ಅನ್ನುವ ವಾದ ನಿಲ್ಲಲಿಲ್ಲ.

ಸಿ ಭಾಷೆಯಲ್ಲಿ ಬಹಳ ವರ್ಷ ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ನಡೆಯುವ ಕೆಲಸದ ಎಳೆ) ಅಂದರೆ ಪಿಥ್ರೆಡ್ಸ್ ಲೈಬ್ರರಿ. ಥ್ರೆಡ್ ಅಂತ ಒಂದಿದೆ ಅನ್ನುವುದೇ ಭಾಷೆಗೆ ಗೊತ್ತಿರಲಿಲ್ಲ. 2005ರಲ್ಲಿ ಕಂಪ್ಯೂಟರ್ ವಿಜ್ಞಾನಿ ಹ್ಯಾನ್ಸ್ ಬೋಮ್ ಒಂದು ಪ್ರಬಂಧ ಬರೆದರು. ಥ್ರೆಡ್‌ಗಳನ್ನು ಬರೀ ಲೈಬ್ರರಿಯಾಗಿ ಕೊಟ್ಟರೆ ಸರಿಯಾದ ಪ್ರೋಗ್ರಾಂ ಬರೆಯಲು ಸಾಧ್ಯವೇ ಇಲ್ಲ ಅನ್ನುವುದು ಅವರ ವಾದ. ಅದರ ತಿರುಳು ಹೀಗೆ: ಮೆಮೊರಿಯಲ್ಲಿ ಪಕ್ಕಪಕ್ಕ ಎರಡು ಸಣ್ಣ ವೇರಿಯಬಲ್ ಇವೆ ಅಂದುಕೊಳ್ಳಿ. ಮೊದಲನೆಯದಕ್ಕೆ ಒಂದು ಥ್ರೆಡ್ ಬರೆಯುತ್ತದೆ, ಎರಡನೆಯದಕ್ಕೆ ಇನ್ನೊಂದು ಥ್ರೆಡ್. ನಿಮ್ಮ ಕೋಡ್‌ನಲ್ಲಿ ಜಗಳವೇ ಇಲ್ಲ. ಆದರೆ ಕಂಪೈಲರ್ ಅನುಕೂಲಕ್ಕೆ ಅಂತ ಎರಡನ್ನೂ ಒಟ್ಟಿಗೆ ಓದಿ, ಒಂದನ್ನು ಬದಲಿಸಿ, ಎರಡನ್ನೂ ವಾಪಸ್ ಬರೆಯಬಹುದು. ಆ ನಡುವೆ ಎರಡನೇ ಥ್ರೆಡ್ ಬರೆದದ್ದು ಅಳಿಸಿ ಹೋಗುತ್ತದೆ. ಒಂದೇ ಥ್ರೆಡ್ ಇರುವ ಲೋಕದಲ್ಲಿ ಕಂಪೈಲರ್ ಮಾಡಿದ್ದು ಸರಿ. ಭಾಷೆ ಅದನ್ನು ಬೇಡ ಅಂದೇ ಇಲ್ಲ. ನೀವು ಲಾಕ್ (ಒಂದು ಹೊತ್ತಿಗೆ ಒಬ್ಬರೇ ಅನ್ನುವ ಬೀಗ) ಹಾಕುವುದಾದರೂ ಯಾಕೆ, ಎರಡೂ ಬೇರೆ ಬೇರೆ ವೇರಿಯಬಲ್ ಅಲ್ವಾ?

ಇದನ್ನು ಸರಿ ಮಾಡಲು ಯಾವ ಲೈಬ್ರರಿಗೂ ಆಗುವುದಿಲ್ಲ. ಕಂಪೈಲರ್ ಏನು ಮಾಡಬಾರದು ಅಂತ ಭಾಷೆಯೇ ಹೇಳಬೇಕು. ಸಿ11, ಸಿ++11 ಎರಡೂ 2011ರಲ್ಲಿ ಅದನ್ನು ಹೇಳಿದವು. ಜಾವಾದಲ್ಲಿ ಥ್ರೆಡ್ ಮೊದಲಿಂದಲೇ ಇತ್ತು, ಆದರೂ ಮೆಮೊರಿ ನಿಯಮಗಳಲ್ಲಿ ತೂತಿತ್ತು. 2004ರ ಜಾವಾ 5ರಲ್ಲಿ ತಿದ್ದಿದರು.

ಹಾಗಾಗಿ ಪ್ರಶ್ನೆಯನ್ನು ಎರಡು ಮಾಡೋಣ. ಹೊಸ ಲೂಪ್, ಹೊಸ ಚಿಹ್ನೆ ಇತ್ಯಾದಿ ಬೇಕಾ ಅನ್ನುವುದು ಒಂದು. ಎರಡು ಕೆಲಸ ಒಟ್ಟಿಗೆ ನಡೆದಾಗ ಈ ಪ್ರೋಗ್ರಾಂನ ಅರ್ಥ ಏನು ಅನ್ನುವುದು ಇನ್ನೊಂದು. ಎರಡನೆಯದನ್ನು ಭಾಷೆ ಬಿಟ್ಟು ಬೇರೆ ಯಾರೂ ಹೇಳಲಾರರು.

ಪಾಷಾಣ್ ರೋಡ್, ಪುಣೆ

ಸರ್, ಫೋರ್ಟ್ರಾನ್‌ನಲ್ಲಿ ಇದೇ ಥರದ್ದು ನಮ್ಮನ್ನು ದಿನಾ ಕಾಡುತ್ತದೆ. ಸಬ್‌ರುಟೀನ್ (ಬೇಕಾದಾಗ ಕರೆಯುವ ಕೋಡ್ ತುಂಡು) ಒಳಗೆ ಯಾರೋ ಒಂದು ವೇರಿಯಬಲ್ ಘೋಷಿಸುವಾಗಲೇ ‘ಇಂಟಿಜರ್ :: ಎನ್ = 0’ ಅಂತ ಬರೆದಿರುತ್ತಾರೆ. ಸಿ ಬಲ್ಲವರು ಇದನ್ನು ನೋಡಿ, ಪ್ರತಿ ಸಲ ಎನ್ ಸೊನ್ನೆಯಿಂದ ಶುರು ಅಂದುಕೊಳ್ಳುತ್ತಾರೆ. ಫೋರ್ಟ್ರಾನ್ 90ರಿಂದ ಅದರ ಅರ್ಥ ಬೇರೆ. ಆ ವೇರಿಯಬಲ್‌ಗೆ ತಾನಾಗಿ ಸೇವ್ ಗುಣ ಬರುತ್ತದೆ. ಸೊನ್ನೆ ಒಂದೇ ಸಲ, ಆಮೇಲೆ ಹಳೆಯ ಬೆಲೆ ಉಳಿದುಕೊಳ್ಳುತ್ತದೆ. ಒಂದೇ ಥ್ರೆಡ್‌ನಲ್ಲಿ ವರ್ಷಗಟ್ಟಲೆ ಏನೂ ಆಗಿರುವುದಿಲ್ಲ. ಓಪನ್‌ಎಂಪಿ ಹಾಕಿದ ದಿನ ಎಲ್ಲ ಥ್ರೆಡ್‌ಗಳೂ ಆ ಒಂದೇ ಎನ್ ಮೇಲೆ ಬೀಳುತ್ತವೆ. ಉತ್ತರ ಒಮ್ಮೆ ಸರಿ, ಒಮ್ಮೆ ತಪ್ಪು. ಡಿಬಗರ್ ಹಾಕಿದರೆ ಮಾಯ.

ಹಲವು ಸಬ್‌ರುಟೀನ್‌ಗಳು ಹಂಚಿಕೊಳ್ಳುವ ಮೆಮೊರಿ ತುಂಡುಗಳಾದ ಕಾಮನ್ ಬ್ಲಾಕ್‌ಗಳ ಕಥೆಯೂ ಇದೇ.

ಇಲ್ಲಿ ನನಗೆ ಮುಖ್ಯ ಅನಿಸುವ ಮಾತು ಒಂದಿದೆ. ಓಪನ್‌ಎಂಪಿ ಸಾಲು ಫೋರ್ಟ್ರಾನ್ ಕಣ್ಣಿಗೆ ಬರೀ ಕಾಮೆಂಟ್. ‘ಈ ಲೂಪನ್ನು ಹಂಚು’ ಅಂತ ನೀವು ಬರೆದರೆ ಕಂಪೈಲರ್ ನಂಬುತ್ತದೆ, ಪ್ರಶ್ನೆ ಕೇಳುವುದಿಲ್ಲ. ಡು ಕನ್ಕರೆಂಟ್ ಹಾಗಲ್ಲ. ಅದರ ಒಳಗಿಂದ ಪ್ಯೂರ್ ಅಂತ ಗುರುತು ಮಾಡಿದ ಸಬ್‌ರುಟೀನ್‌ಗಳನ್ನು ಮಾತ್ರ ಕರೆಯಬಹುದು. ಪ್ಯೂರ್ ಒಳಗೆ ಸೇವ್ ವೇರಿಯಬಲ್ ಇರುವಂತಿಲ್ಲ. ಕಾಮನ್ ಬ್ಲಾಕನ್ನಾಗಲಿ, ಮಾಡ್ಯೂಲ್ ವೇರಿಯಬಲನ್ನಾಗಲಿ ಬದಲಿಸುವಂತಿಲ್ಲ. ಮೀರಿದರೆ ಕಂಪೈಲ್ ಆಗುವುದೇ ಇಲ್ಲ. ತಿಂಗಳುಗಟ್ಟಲೆ ಹುಡುಕುವ ತಪ್ಪನ್ನು ಭಾಷೆ ನಿಮಿಷದಲ್ಲಿ ತೋರಿಸುತ್ತದೆ. ಭಾಷೆ ಬೆಳೆಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ವೇಗಕ್ಕೆ ಅಲ್ಲ.

ಗಣೇಶಖಿಂಡ್ ಹಿರಿಯ, ಪುಣೆ

ಪ್ಯೂರ್ ವಿಷಯ ಒಪ್ಪುತ್ತೇನೆ, ಒಳ್ಳೆಯ ನಿಯಮ ಅದು. ಆದರೆ ಪೂರ್ತಿ ಹೇಳು. ಒಂದು ಸುತ್ತು ಬರೆದ ಅರೇ ಜಾಗವನ್ನು ಇನ್ನೊಂದು ಸುತ್ತು ಓದುತ್ತಿದೆಯಾ ಅಂತ ಡು ಕನ್ಕರೆಂಟ್ ಪರೀಕ್ಷೆ ಮಾಡುವುದಿಲ್ಲ. ಇಂಡೆಕ್ಸ್ ಇನ್ನೊಂದು ಅರೇಯಿಂದ ಬಂದರೆ ಕಂಪೈಲರ್‌ಗೆ ಗೊತ್ತಾಗುವುದಾದರೂ ಹೇಗೆ? ಅಲ್ಲಿ ಪ್ರೋಗ್ರಾಮರ್ ಮಾತು ಕೊಡುತ್ತಾನೆ, ಕಂಪೈಲರ್ ನಂಬುತ್ತದೆ. ಓಪನ್‌ಎಂಪಿಯ ಹಾಗೆಯೇ.

ಇನ್ನೂ ಒಂದು. ಡು ಕನ್ಕರೆಂಟ್ 2008ರ ಸ್ಟ್ಯಾಂಡರ್ಡ್‌ನಲ್ಲಿ ಬಂದಾಗ, ಲೂಪ್ ಒಳಗಿನ ತಾತ್ಕಾಲಿಕ ವೇರಿಯಬಲ್ ಪ್ರತಿ ಸುತ್ತಿಗೂ ಬೇರೆಯೋ, ಎಲ್ಲಕ್ಕೂ ಒಂದೇಯೋ ಅಂತ ಲೂಪ್‌ನ ಸಾಲಿನಲ್ಲೇ ಬರೆದು ತೋರಿಸಲು ದಾರಿ ಇರಲಿಲ್ಲ. ಲೋಕಲ್, ಶೇರ್ಡ್ ಪದಗಳು ಬಂದದ್ದು 2018ರಲ್ಲಿ. ಮೊತ್ತ ಕೂಡಿಸುವ ರೆಡ್ಯೂಸ್ ಬಂದದ್ದು 2023ರಲ್ಲಿ. ಓಪನ್‌ಎಂಪಿಯಲ್ಲಿ ಈ ಸೌಲಭ್ಯ 1997ರ ಮೊದಲ ಫೋರ್ಟ್ರಾನ್ ಆವೃತ್ತಿಯಲ್ಲೇ ಇತ್ತು. ಸಮಿತಿಯ ವೇಗ ಯಂತ್ರದ ವೇಗಕ್ಕೆ ಸಾಲುವುದಿಲ್ಲ.

ಮಾಟುಂಗಾ ಅಕ್ಕ, ಮುಂಬೈ

ನಾನು ಫೋರ್ಟ್ರಾನ್ ಬರೆಯುವವಳಲ್ಲ. ನನ್ನದು ಪೈಥಾನ್, ಡೇಟಾ ಕೆಲಸ. ಆದರೆ ಈ ಜಗಳ ನಮ್ಮ ಮನೆಯಲ್ಲೂ ಬಹಳ ವರ್ಷ ನಡೆಯಿತು.

ಪೈಥಾನ್ ಹೊರಬಂದದ್ದು 1991ರಲ್ಲಿ. ಅದರಲ್ಲಿ ಜಿಐಎಲ್ ಅಂತ ಒಂದು ದೊಡ್ಡ ಲಾಕ್. ಎಷ್ಟೇ ಥ್ರೆಡ್ ಇದ್ದರೂ ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು. 1996ರಲ್ಲೇ ಗ್ರೆಗ್ ಸ್ಟೈನ್ ಇದನ್ನು ತೆಗೆದು ತೋರಿಸಿದರು. ಆದರೆ ಒಂದೇ ಥ್ರೆಡ್‌ನ ಕೋಡ್ ತೀರಾ ನಿಧಾನವಾಯಿತು. ಪೈಥಾನ್‌ನಲ್ಲಿ ಪ್ರತಿ ವಸ್ತುವನ್ನೂ ಎಷ್ಟು ಕಡೆ ಹಿಡಿದಿದ್ದಾರೆ ಅಂತ ಒಂದು ಎಣಿಕೆ ಇರುತ್ತದೆ. ಲಾಕ್ ತೆಗೆದರೆ ಆ ಎಣಿಕೆಯನ್ನು ಪ್ರತಿ ಸಲ ಜೋಪಾನವಾಗಿ ಬದಲಿಸಬೇಕು. ಆ ವೆಚ್ಚ ಎಲ್ಲರ ಮೇಲೂ ಬೀಳುತ್ತದೆ. ಒಂದೇ ಥ್ರೆಡ್ ಸಾಕು ಅನ್ನುವವರ ಮೇಲೂ.

ಲಾಕ್ ತೆಗೆಯುವ ಸ್ಯಾಮ್ ಗ್ರಾಸ್ ಅವರ ಪ್ರಸ್ತಾಪವನ್ನು 2023ರಲ್ಲಿ ಒಪ್ಪಿದರು. 2024ರ ಅಕ್ಟೋಬರ್‌ನಲ್ಲಿ ಪೈಥಾನ್ 3.13 ಬಂದಾಗ ಲಾಕ್ ಇಲ್ಲದ ಆವೃತ್ತಿ ಪ್ರಯೋಗಕ್ಕೆ ಅಂತ ಬಂತು. ಒಂದೇ ಥ್ರೆಡ್‌ನಲ್ಲಿ ಸುಮಾರು 40% ನಿಧಾನ. 2025ರ 3.14ರಲ್ಲಿ ಅದು 5ರಿಂದ 10%ಗೆ ಇಳಿಯಿತು. ಅಧಿಕೃತ ಬೆಂಬಲವೂ ಸಿಕ್ಕಿತು. ಆದರೂ ಅದು ಬೇರೆಯದೇ ಆವೃತ್ತಿ. ಬೇಕಾದವರು ಮಾತ್ರ ಹಾಕಿಕೊಳ್ಳಬೇಕು.

ನಾನು ಹೇಳುವುದು ಇಷ್ಟು. ಭಾಷೆ ಬೆಳೆಯಲಿ. ಆದರೆ ಅದರ ಬೆಲೆ ಯಾರು ಕೊಡುತ್ತಾರೆ ಅಂತ ಮೊದಲು ಕೇಳಿ. ಹಳೆಯ ಪ್ರೋಗ್ರಾಂನವರು ಕೊಡುವಂತಾದರೆ ಅದು ನ್ಯಾಯ ಅಲ್ಲ.

ಹಿಂಜವಡಿ ಫೇಸ್ 2, ಪುಣೆ

ಇಷ್ಟೆಲ್ಲ ಕಷ್ಟ ಯಾಕೆ? ರಸ್ಟ್, ಜೂಲಿಯಾದಂಥ ಹೊಸ ಭಾಷೆಯಲ್ಲಿ ಹೊಸದಾಗಿ ಬರೆಯಬಾರದಾ? ರಸ್ಟ್‌ನಲ್ಲಿ ಎರಡು ಥ್ರೆಡ್ ಒಂದೇ ಡೇಟಾ ಮೇಲೆ ಬಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಹಿರಿಯರು ಹೇಳಿದ ತೊಂದರೆಗೆ ಪರಿಹಾರ ಅದೇ ಅಲ್ವಾ?

ಬಾಣೇರ್ ಮೇಡಂ, ಪುಣೆ

ಹೊಸದಾಗಿ ಬರೆಯುವ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೆಲಸ ಕೋಡ್ ಬರೆಯುವುದಲ್ಲ. ಕೋಡ್ ಕೊಟ್ಟ ಉತ್ತರ ನಂಬಬಹುದಾ ಅಂತ ನೋಡುವುದು.

ಹಳೆಯ ಮಾಡೆಲ್ ಒಂದರ ನಿಜವಾದ ಆಸ್ತಿ ಅದರ ಸಾಲುಗಳಲ್ಲ. ಎಷ್ಟೋ ಮಳೆಗಾಲಗಳ ಜತೆ ತಾಳೆ ನೋಡಿ ತಿದ್ದಿದ್ದೇವಲ್ಲ, ಆ ನಂಬಿಕೆ. ಹೊಸ ಭಾಷೆಯಲ್ಲಿ ಬರೆದ ದಿನ ಅದು ಸೊನ್ನೆಯಿಂದ ಶುರು.

ಕೋರ್‌ಗಳ ಸಂಖ್ಯೆ ಬದಲಾದರೂ ನಮಗೆ ತಲೆನೋವೇ. ಶಾಲೆಯಲ್ಲಿ ಕೂಡಿಸುವ ಕ್ರಮ ಬದಲಿಸಿದರೂ ಮೊತ್ತ ಒಂದೇ ಅಂತ ಕಲಿತಿದ್ದೇವೆ. ಕಂಪ್ಯೂಟರ್‌ನಲ್ಲಿ ಅದು ನಿಜ ಅಲ್ಲ. ಸಿಂಗಲ್ ಪ್ರಿಸಿಷನ್‌ನಲ್ಲಿ (ಒಂದು ಸಂಖ್ಯೆಗೆ 32 ಬಿಟ್ ಜಾಗ) 10 ಕೋಟಿಗೆ 1 ಕೂಡಿಸಿ. ಉತ್ತರ 10 ಕೋಟಿಯೇ, ಯಾಕೆಂದರೆ ಆ ಗಾತ್ರದ ಸಂಖ್ಯೆಗಳ ನಡುವಿನ ಅಂತರ 8. ಈಗ 10 ಕೋಟಿ ಕಳೆಯಿರಿ. ಸೊನ್ನೆ ಬರುತ್ತದೆ. ಅದೇ ಮೊದಲು 10 ಕೋಟಿಯಿಂದ 10 ಕೋಟಿ ಕಳೆದು ಆಮೇಲೆ 1 ಕೂಡಿಸಿದರೆ 1 ಬರುತ್ತದೆ. ಒಂದೇ ಲೆಕ್ಕ, ಎರಡು ಉತ್ತರ.

ಹಲವು ಥ್ರೆಡ್‌ಗೆ ಮೊತ್ತ ಹಂಚಿದಾಗ ಕೂಡಿಸುವ ಕ್ರಮ ಬದಲಾಗುತ್ತದೆ. 16 ಥ್ರೆಡ್‌ನಲ್ಲಿ ಒಂದು, 32 ಥ್ರೆಡ್‌ನಲ್ಲಿ ಇನ್ನೊಂದು. ಕೊನೆಯ ಅಂಕೆಯಲ್ಲಿ ಮಾತ್ರ ವ್ಯತ್ಯಾಸ, ಬಿಡಿ ಅನ್ನಬಹುದು. ಆದರೆ ಹವಾಮಾನದಲ್ಲಿ ಬಿಡಲು ಆಗುವುದಿಲ್ಲ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 0.506127 ಬದಲು 0.506 ಹಾಕಿ ಲೆಕ್ಕ ಮತ್ತೆ ಓಡಿಸಿದಾಗ ಸ್ವಲ್ಪ ಹೊತ್ತಿಗೆ ಹವೆಯೇ ಬೇರೆಯಾಗಿತ್ತು. ನಮ್ಮಲ್ಲೂ ಅಷ್ಟೇ. ಕೊನೆಯ ಅಂಕೆಯ ವ್ಯತ್ಯಾಸ ದಿನಗಳು ಕಳೆದಂತೆ ಬೆಳೆಯುತ್ತದೆ. ಆಗ ಕೋಡ್ ಬದಲಿಸಿದವರು ಬಂದು ‘ಉತ್ತರ ಬೇರೆ ಬಂತು, ಅದು ರೌಂಡಿಂಗ್ ಅಷ್ಟೆ’ ಅಂದರೆ ನಾನು ನಂಬಬೇಕಾ? ಅದು ರೌಂಡಿಂಗೋ, ಯಾವುದೋ ಸೇವ್ ವೇರಿಯಬಲ್ ಮಾಡಿದ ಹಾಳೋ, ಹೇಗೆ ಹೇಳುವುದು? ಬಿಟ್‌ಗೆ ಬಿಟ್ ಒಂದೇ ಉತ್ತರ ಬರುವಂತಿದ್ದರೆ ಮಾತ್ರ ತಪ್ಪನ್ನು ತಪ್ಪು ಅಂತ ಹಿಡಿಯಬಹುದು.

2023ರ ರೆಡ್ಯೂಸ್ ಕೂಡ ಯಾವ ಕ್ರಮದಲ್ಲಿ ಕೂಡಿಸಬೇಕು ಅಂತ ಹೇಳುವುದಿಲ್ಲ. ವೇಗಕ್ಕೆ ಅದು ಬೇಕು, ಗೊತ್ತು. ಆದರೆ ನನ್ನನ್ನು ಕೇಳಿದರೆ, ‘ಈ ಮೊತ್ತಕ್ಕೆ ಕ್ರಮ ಕಾಯ್ದುಕೋ, ನಿಧಾನವಾದರೂ ಪರವಾಗಿಲ್ಲ’ ಅಂತ ಬರೆಯುವ ದಾರಿಯನ್ನು ಭಾಷೆ ಕೊಡಬೇಕು. ಇದನ್ನು ನಾವು ಕೈಯಲ್ಲಿ ಮಾಡಿಕೊಳ್ಳುತ್ತಿದ್ದೇವೆ. ಪ್ರತಿ ತಂಡವೂ ಬೇರೆ ಬೇರೆ ಥರ.

ಫೋರ್ಟ್ ಬ್ಯಾಚ್ ಜಾಬ್, ಮುಂಬೈ

ಬ್ಯಾಂಕ್‌ಗಳ ಹಳೆಯ ಭಾಷೆ ಕೋಬಾಲ್‌ನವರ ಪರವಾಗಿ ಎರಡು ಮಾತು. ಬ್ಯಾಂಕ್ ಕೆಲಸದಲ್ಲಿ ನಮಗೆ ಇದು ಯಾವತ್ತೂ ಕಾಡಲಿಲ್ಲ. ಒಂದು ವಹಿವಾಟು, ಒಂದು ಪ್ರೋಗ್ರಾಂ. ಅದಕ್ಕೆ ಉಳಿದವುಗಳ ಸುದ್ದಿಯೇ ಗೊತ್ತಿಲ್ಲ. ಹಂಚುವ ಕೆಲಸ 1969ರಿಂದ ಐಬಿಎಂನ ವಹಿವಾಟು ನಡೆಸುವ ತಂತ್ರಾಂಶ ಸಿಐಸಿಎಸ್ ನೋಡಿಕೊಳ್ಳುತ್ತಿದೆ. ಜಾಸ್ತಿ ಪ್ರೊಸೆಸರ್ ಬಂದರೆ ಜಾಸ್ತಿ ರೀಜನ್, ಅಂದರೆ ಅದರ ಇನ್ನಷ್ಟು ಪ್ರತಿಗಳು. ಒಂದೇ ಖಾತೆಗೆ ಇಬ್ಬರು ಕೈ ಹಾಕಿದರೆ ಡೇಟಾಬೇಸ್ ಲಾಕ್ ನೋಡಿಕೊಳ್ಳುತ್ತದೆ. ಕೆಲಸವೇ ಬಿಡಿಬಿಡಿಯಾಗಿದ್ದರೆ ಭಾಷೆ ಬದಲಾಗುವ ಅಗತ್ಯ ಇಲ್ಲ. ನಿಮ್ಮ ಗ್ರಿಡ್‌ನಲ್ಲಿ ಪ್ರತಿ ಚೌಕಕ್ಕೂ ಪಕ್ಕದ ಚೌಕ ಬೇಕು, ಅದಕ್ಕೇ ನಿಮಗೆ ಕಷ್ಟ.

ವಾಸ್ಕೋ ಮೇಷ್ಟ್ರು, ಗೋವಾ

ಮೇಲಿನವರ ಮಾತು ಸರಿಯಾದ ಜಾಗಕ್ಕೆ ಬಂತು. ಅದಕ್ಕೆ ಇನ್ನೊಂದು ಉದಾಹರಣೆ ಎರ್ಲಾಂಗ್. 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಅಂತ ಹುಟ್ಟಿದ ಭಾಷೆ. ಅದರಲ್ಲಿ ಒಂದು ಪ್ರೊಸೆಸ್ ಇನ್ನೊಂದರ ಮೆಮೊರಿ ಮುಟ್ಟುವುದಿಲ್ಲ, ಸಂದೇಶ ಮಾತ್ರ ಕಳಿಸುತ್ತದೆ. 2006ರಲ್ಲಿ ಹಲವು ಪ್ರೊಸೆಸರ್‌ಗೆ ಬೆಂಬಲ ಬಂದಾಗ ಬದಲಾದದ್ದು ಒಳಗಿನ ಯಂತ್ರ, ಭಾಷೆ ಅಲ್ಲ.

ನಮಗೆ ಹತ್ತಿರದ ಉದಾಹರಣೆ ಓಕ್ಯಾಮಲ್. 1996ರ ಭಾಷೆ, ಪೈಥಾನ್ ಥರವೇ ಒಂದೇ ಲಾಕ್. 2022ರ ಡಿಸೆಂಬರ್‌ನಲ್ಲಿ 5.0 ಬಂತು, ಹಲವು ಕೋರ್ ಬಳಸುವಂತಾಯಿತು. ಆ ಕೆಲಸದ ಮುಂದಾಳುಗಳಲ್ಲಿ ಐಐಟಿ ಮದ್ರಾಸ್‌ನ ಕೆ.ಸಿ. ಶಿವರಾಮಕೃಷ್ಣನ್ ಒಬ್ಬರು. ಬಳಸಿ ಬಿಟ್ಟ ಮೆಮೊರಿಯನ್ನು ಗುಡಿಸುವ ಕೆಲಸಕ್ಕೆ ಅವರ ಮುಂದೆ ಎರಡು ವಿನ್ಯಾಸ ಇದ್ದವು. ಹಳೆಯ ಸಿ ಜೋಡಣೆಗಳನ್ನು ಮುರಿಯದ ವಿನ್ಯಾಸವನ್ನು ಆರಿಸಿಕೊಂಡರು. ಮಾಟುಂಗಾ ಅಕ್ಕ ಕೇಳಿದ ನ್ಯಾಯದ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಹಳೆಯ ಭಾಷೆ ಬೆಳೆಯಬಹುದು, ಹಳೆಯವರನ್ನು ಹೊರಗೆ ಹಾಕದೆ. ಸಮಯ ಹಿಡಿಯುತ್ತದೆ, ಅಷ್ಟೇ.

ಹಿಂಜವಡಿ ತಮ್ಮನಿಗೆ: ಹೊಸ ಕೆಲಸಕ್ಕೆ ರಸ್ಟ್ ತಗೋ, ಖಂಡಿತ. ಮೇಡಂ ಹೇಳಿದ ಕೋಡ್‌ಗೆ ಮಾತ್ರ ಬೇಡ. ಮತ್ತೆ ಕಂಪ್ಯೂಟರ್ ವಿನ್ಯಾಸಕಾರ ಆಮ್ಡಾಲ್ 1967ರಲ್ಲಿ ಹೇಳಿದ್ದನ್ನೂ ಮರೆಯಬೇಡ. ಕೋಡ್‌ನ 10% ಹಂಚಲು ಬಾರದಿದ್ದರೆ 64 ಕೋರ್ ಇದ್ದರೂ 9 ಪಟ್ಟು ವೇಗ ಸಹ ಸಿಗುವುದಿಲ್ಲ. ಯಾವ ಭಾಷೆಯಾದರೂ ಅಷ್ಟೇ.

ಡೊಂಬಿವಲಿ ಫಾಸ್ಟ್, ಮುಂಬೈ

ಡು ಕನ್ಕರೆಂಟ್ ಪರವಾಗಿ ಇನ್ನೊಂದು ಮಾತು ಸೇರಿಸುತ್ತೇನೆ. ಎನ್‌ವಿಡಿಯಾ ಕಂಪೈಲರ್ ಅದನ್ನು ನೇರ ಜಿಪಿಯುಗೆ (ಸಾವಿರಾರು ಸಣ್ಣ ಕೋರ್ ಇರುವ ಗ್ರಾಫಿಕ್ಸ್ ಚಿಪ್) ಕಳಿಸಬಲ್ಲದು. ಅದೇ ಸಾಲು ಸಾದಾ ಸಿಪಿಯುನಲ್ಲೂ ಓಡುತ್ತದೆ. ‘ಈ ಸುತ್ತುಗಳು ಯಾವ ಕ್ರಮದಲ್ಲಿ ನಡೆದರೂ ಸರಿ’ ಅಂತ ಮಾತ್ರ ನೀವು ಹೇಳಿರುತ್ತೀರಿ. ಎಷ್ಟು ಕೋರ್, ಎಂಥ ಕೋರ್ ಅಂತ ಹೇಳಿರುವುದಿಲ್ಲ. ಭಾಷೆ ಇಷ್ಟನ್ನೇ ಹೇಳಬೇಕು, ಉಳಿದದ್ದನ್ನು ಹೊರಗೆ ಬಿಡಬೇಕು. ಎಚ್‌ಪಿಎಫ್ ಸೋತದ್ದು ಡೇಟಾ ಎಲ್ಲಿ ಕೂರಬೇಕು ಅನ್ನುವುದಕ್ಕೂ ಕೈ ಹಾಕಿದ್ದರಿಂದ, ಅಂತ ನನಗೆ ಅನಿಸುತ್ತದೆ.

ಪಾಷಾಣ್ ರೋಡ್, ಪುಣೆ

ಎಲ್ಲರಿಗೂ ಧನ್ಯವಾದ. ತಂಡದ ಮುಂದೆ ಇಡುವುದನ್ನು ಹೇಳುತ್ತೇನೆ. ಒಳಗಿನ ಲೂಪ್‌ಗಳಿಗೆ ಡು ಕನ್ಕರೆಂಟ್, ಪ್ರತಿ ಕಡೆ ಡಿಫಾಲ್ಟ್ ನನ್. ಯಾವ ವೇರಿಯಬಲ್ ಯಾರದು ಅಂತ ಬರೆಯದೆ ಮುಂದೆ ಹೋಗುವಂತಿಲ್ಲ. ಕರೆಯುವ ಸಬ್‌ರುಟೀನ್‌ಗಳನ್ನೆಲ್ಲ ಮೊದಲು ಪ್ಯೂರ್ ಮಾಡುವುದು. ಈ ಒಂದು ಕೆಲಸದಿಂದಲೇ ಎಷ್ಟೋ ಸೇವ್‌ಗಳು ಹೊರಬೀಳುತ್ತವೆ. ನೋಡ್‌ಗಳ ನಡುವೆ ಎಂಪಿಐ ಹಾಗೇ ಇರಲಿ, ಕೋಅರೇ ಈಗ ಬೇಡ. ಮೊತ್ತಗಳಿಗೆ ರೆಡ್ಯೂಸ್ ಬಳಸುವುದಿಲ್ಲ. ಬಾಣೇರ್ ಮೇಡಂ ಕೇಳಿದ ಹಾಗೆ ಕ್ರಮ ಕಾಯುವ ನಮ್ಮದೇ ಸಬ್‌ರುಟೀನ್.

ಕಾಮನ್ ಬ್ಲಾಕ್‌ಗಳದ್ದೇ ಚಿಂತೆ. ಒಂದೇ ಬ್ಲಾಕನ್ನು ಬೇರೆ ಬೇರೆ ಫೈಲ್‌ಗಳಲ್ಲಿ ಬೇರೆ ಬೇರೆ ಹೆಸರಿನಿಂದ ಬಿಡಿಸಿದ್ದಾರೆ.

ಗಣೇಶಖಿಂಡ್ ಹಿರಿಯ, ಪುಣೆ

ಸ್ಟ್ಯಾಂಡರ್ಡ್ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಆದರೆ ಪ್ಯೂರ್‌ನಿಂದ ಶುರು ಮಾಡುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕಾಮನ್ ಬ್ಲಾಕನ್ನು ಸೀದಾ ಮಾಡ್ಯೂಲ್‌ಗೆ ಹಾಕಬೇಡ. ಮೊದಲು ಯಾವ ಸಬ್‌ರುಟೀನ್ ಬರೆಯುತ್ತದೆ, ಯಾವುದು ಬರೀ ಓದುತ್ತದೆ ಅಂತ ಪಟ್ಟಿ ಮಾಡು. ಬರೀ ಓದುವವು ಪ್ಯೂರ್ ಆಗಲು ಅಡ್ಡಿ ಇಲ್ಲ. ಬರೆಯುವವುಗಳಿಗೆ ಬೆಲೆಗಳನ್ನು ಆರ್ಗ್ಯುಮೆಂಟ್ ಆಗಿ ಕೊಡು. ಈಕ್ವಿವಲೆನ್ಸ್ (ಒಂದೇ ಮೆಮೊರಿ ಜಾಗಕ್ಕೆ ಎರಡು ಹೆಸರು) ಇರುವ ಬ್ಲಾಕ್‌ಗಳನ್ನು ಬೇರೆ ತೆಗೆದಿಡು, ಅವುಗಳನ್ನು ಕೊನೆಗೆ ನೋಡೋಣ. ಪಟ್ಟಿ ಆದ ಮೇಲೆ ಇಲ್ಲೇ ಹಾಕು. ಶನಿವಾರ ಕೂತು ನೋಡುತ್ತೇನೆ.